ಮೈಲಾರಿಯ ಬಾಟಲಿ

ಕಾವೇರಿ ತನ್ನ ಗಂಡ ಮೈಲಾರಿ ಉಂಡ ತಾಟಿನಲ್ಲಿಯೇ ಉಣ್ಣುತ್ತಿದ್ದಳು. ತವರೂರು ಹೆಬ್ಬಳ್ಳಿಯಲ್ಲಿ ಅವಳ ಅವ್ವ ಹಾಗೆ ಉಂಡಿದ್ದಳು, ಅವ್ವನ ಅತ್ತೆಯೂ. ಬೈರಿದೇವರಕೊಪ್ಪದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹಾಗೆ ಮಾಡೆಂದು ಹೇಳುವವರು ಯಾರೂ ಇರಲಿಲ್ಲ. ಮೈಲಾರಿಯಂತೂ ಬೇಡವೆಂದೇ ಹೇಳಿದ್ದ. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುವ ಅವನಿಗೆ ತಾನು ಹೊಸ ಕಾಲದವನೆಂಬ ಸಣ್ಣ ಹೆಮ್ಮೆಯಿತ್ತು. ಅವಳು ಕೇಳದಿದ್ದಾಗ ತಾಟಿನ ಅಂಚಿಗೆ ಬೇಕೆಂದೇ ಏನಾದರೂ ಬಿಡತೊಡಗಿದ: ಎಣ್ಣೆಗಾಯಿಯ ಒಂದು ಹೋಳು, ಮೊಸರಿನ ಕೆನೆ. ಅವಳು ಮೆತ್ತಗಿನ ರೊಟ್ಟಿ ಆರಿಸಿ ಅವನಿಗೆ ಹಾಕುವಳು. ಅವನು ಅದರಲ್ಲೇ ಅರ್ಧ ಉಳಿಸಿ ಏಳುವನು. ಮದುವೆಯಲ್ಲಿ ಬಂದ ಸ್ಟೀಲಿನ ತಾಟು, ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅವನ ಹೆಸರು. ಅವರು ಆಡದ ಮಾತುಗಳೆಲ್ಲ ಆ ತಾಟಿನ ಮೇಲೆ ಹೋಗಿ ಬರುತ್ತಿದ್ದವು.

2003ರ ಬೇಸಿಗೆಯಲ್ಲಿ ಇಬ್ಬರ ರಕ್ತದಲ್ಲೂ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಮೈಲಾರಿ ಸುಳ್ಳು ಹೇಳಲಿಲ್ಲ.

"ನನ್ನಿಂದ ಬಂದದ್ದು," ಎಂದ. "ಬ್ಯಾನೀನೂ ನನ್ನ ತಾಟಿನಾಗಿಂದನ ತಗೊಂಡಿ ನೋಡು."

"ತಾಟಿನಿಂದ ಬರೂದಿಲ್ಲಂತರೀ. ರಕ್ತಾ ತಗದ ಮೇಡಂ ಹೇಳ್ಯಾರ."

"ನನಗೂ ಗೊತ್ತೈತಿ."

ಅದಾದ ಮೇಲೆ ಅವನು ಅಂಚಿಗೆ ಬಿಡುವುದು ಇನ್ನಷ್ಟು ಹೆಚ್ಚಿತು. ಅವಳು ಅದನ್ನು ಬೈಯದೆ ತಿಂದಳು. ಕ್ಷಮಿಸಿದಳೋ ಇಲ್ಲವೋ ಎಂದು ಅವನು ಕೇಳಲಿಲ್ಲ. ತಾಟು ಖಾಲಿಯಾದದ್ದನ್ನು ನೋಡಿಕೊಂಡ.

ಸರಕಾರದ ಗುಳಿಗೆಗಳು ಆಗ ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ಕೊಳ್ಳುವುದು ಅವರಂಥವರ ಮಾತಲ್ಲ. ಕೇಶ್ವಾಪುರದ ಹಳೆಯ ಬಂಗಲೆಯೊಂದರಲ್ಲಿ ಡಾಕ್ಟರ್ ಸಿದ್ದಲಿಂಗಪ್ಪ ಹೊಸ ಔಷಧಿಯ ಸಂಶೋಧನೆ ನಡೆಸುತ್ತಿದ್ದರು. ಅಲ್ಲಿ ಸೇರಿದವರಿಗೆ ಗುಳಿಗೆ ಪುಕ್ಕಟೆ. ಎಲ್ಲವನ್ನೂ ಬಿಡಿಸಿ ಹೇಳುವ ಕೆಲಸ ಅಲ್ಲಿಯ ನರ್ಸ್ ಅಬೀದಾಳದು. ಚಾಲ್ತಿಯಲ್ಲಿದ್ದ ಔಷಧಿಗಳಲ್ಲಿ ಒಂದು ಕೆಲವರ ಲಿವರಿಗೆ ಪೆಟ್ಟು ಕೊಡುತ್ತದೆ. ಅದರ ಬದಲು ಮೈಗೆ ಹಗುರವಾದ ಹೊಸದೊಂದನ್ನು ಹಾಕಿ ನೋಡುತ್ತಾರೆ. ಅರ್ಧ ಜನಕ್ಕೆ ಹಳೆಯದು, ಅರ್ಧ ಜನಕ್ಕೆ ಹೊಸದು. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಹೋಗಿದೆ ಎಂಬುದು ಡಾಕ್ಟರರಿಗೂ ತಿಳಿಯದು, ಮುಂಬಯಿಯ ಒಂದು ಕಚೇರಿಗೆ ಮಾತ್ರ ಗೊತ್ತು.

"ಡಾಕ್ಟರಿಗೂ ಗೊತ್ತಿಲ್ಲಂದ್ರ ಹೆಂಗ್ರೀ ಮೇಡಂ?" ಎಂದ ಮೈಲಾರಿ. "ಹಂಗ ನೋಡಿದ್ರ ಯಾವ ಮಷೀನ್ ಕೆಟ್ಟೈತಿ ಅಂತ ನಮ್ಮ ಮಾಲಕಗೂ ಗೊತ್ತಿರೂದಿಲ್ಲ. ಆದ್ರೂ ಕಾರ್ಖಾನಿ ನಡ್ಯಾಕತ್ತೈತಿ."

ಅಬೀದಾ ನಕ್ಕಳು. "ಗೊತ್ತಾದ್ರ ಅವ್ರ ಕಣ್ಣು ಒಂದ ಕಡಿ ವಾಲತೈತ್ರೀ ಅಣ್ಣಾರ. ಹೊಸಾದು ತಗೊಂಡವ್ರೆಲ್ಲಾ ಆರಾಮ ಆದಂಗ ಕಾಣಸ್ತಾರ. ಅದಕ್ಕ ಕಣ್ಣು ಕಟ್ಟಿರತಾರ. ಮತ್ತ ಒಂದ ಮಾತು. ಗಂಡಾ ಹೆಂಡ್ತಿ ಇಬ್ಬರೂ ಅದೀರಿ ಅಂತ ಹೇಳಾಕತ್ತೇನಿ. ಒಬ್ಬರದು ಒಬ್ಬರು ತಗೋಬ್ಯಾಡ್ರಿ."

ಕಾವೇರಿ ತಲೆಯಾಡಿಸಿದಳು. ಬೇರೆಯವರದ್ದನ್ನು ತೆಗೆದುಕೊಳ್ಳುವ ಜಾತಿಯವಳಲ್ಲ ಅವಳು.

ಬಿಳಿ ಮುಚ್ಚಳದ ಎರಡು ಬಾಟಲಿ ಬಂದವು. ಮೇಲೆ ಬೇರೆ ಬೇರೆ ನಂಬರು. ಗುರುತಿಗೆಂದು ಮೈಲಾರಿ ತನ್ನ ಮುಚ್ಚಳದ ಮೇಲೆ ಕಾರ್ಖಾನೆಯ ಉಳಿಯಿಂದ ಒಂದು ಗೀರು ಎಳೆದ. ಊಟವಾದ ಮೇಲೆ ಅವನದು, ಅದೇ ತಾಟಿನಲ್ಲಿ ಉಂಡೆದ್ದ ಮೇಲೆ ಅವಳದು.

ಶ್ರಾವಣ ಬರುವಷ್ಟರಲ್ಲಿ ಕಾವೇರಿಯ ನಾಲಿಗೆಯ ಮೇಲಿನ ಬಿಳಿ ಪೊರೆ ಹೋಯಿತು. ಕುಪ್ಪಸದ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡಳು. ಮೈಲಾರಿ ಮಾತ್ರ ಇಳಿದುಹೋದ. ದಿನಾ ಜ್ವರ, ಕುತ್ತಿಗೆಯಲ್ಲಿ ಗಂಟು. ಕೆಲಸಕ್ಕೆ ಹೋಗುವುದು ನಿಂತಿತು. ಡಾಕ್ಟರು ಗಂಟನ್ನು ಪರೀಕ್ಷಿಸಿ ಟಿಬಿ ಎಂದು ಹೇಳಿ ಅದಕ್ಕೂ ಗುಳಿಗೆ ಕೊಟ್ಟರು.

"ಹೆದರಬ್ಯಾಡ್ರಿ," ಎಂದರು. "ಟಿಬಿ ಮೊದಲ ಒಳಗಿತ್ತು. ಮೈಯಾಗ ಶಕ್ತಿ ಇರಲಿಲ್ಲ, ಸುಮ್ಮನಿತ್ತು. ಈಗ ಶಕ್ತಿ ಬಂದೈತಿ, ಮೈ ಅದರ ಕೂಡ ಜಗಳಾ ತಗದೈತಿ. ರಕ್ತಾ ಸುಧಾರಿಸೇತಿ, ನಾ ನೋಡೇನಿ. ಸ್ವಲ್ಪ ತಡೀರಿ, ಜ್ವರಾ ತಾನ ಇಳೀತೈತಿ."

"ಖರೇ ಐತ್ರೀ," ಎಂದ ಮೈಲಾರಿ, ಬೆಂಚಿನ ತುದಿ ಹಿಡಿದುಕೊಂಡು. "ಮಷೀನ್ ರಿಪೇರಿ ಆದ ಮ್ಯಾಲೆ ಮೊದಲಿಗೆ ಸಪ್ಪಳಾ ಜಾಸ್ತಿನ ಮಾಡತೈತಿ."

ಕಾವೇರಿ ನಗಲಿಲ್ಲ. ಜ್ವರ ಬಂದರೆ ಸುಧಾರಿಸಿದಂತೆ ಎಂದು ಹೇಳುವ ಡಾಕ್ಟರರನ್ನು ಅವಳು ಮೊದಲ ಸಲ ನೋಡಿದ್ದಳು. ಹಿಂತಿರುಗುವಾಗ ಸಿಟಿ ಬಸ್ಸಿನಲ್ಲಿ ಅವನ ತಲೆ ಅವಳ ಹೆಗಲ ಮೇಲಿತ್ತು, ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತೆ ಬಿಸಿ. ಕಿಟಕಿಯ ಗಾಜಿನಲ್ಲಿ ತನ್ನ ತುಂಬಿದ ಕೆನ್ನೆ ಕಂಡಿತು. ನಾಚಿಕೆಯಾಯಿತು. ಒಳ್ಳೆಯ ಗುಳಿಗೆ ತನ್ನ ಬಾಟಲಿಗೇ ಬಿದ್ದಿರಬೇಕು; ಮೆತ್ತಗಿನ ರೊಟ್ಟಿ ತನ್ನ ಪಾಲಿಗೆ ಬಂದುಬಿಟ್ಟಂತೆ, ಅದೂ ಅವನು ಉಣ್ಣುವ ಮೊದಲೇ.

ಮರುದಿನ ಮಧ್ಯಾಹ್ನ ಅವನು ಮಲಗಿದ್ದಾಗ ತನ್ನ ಬಾಟಲಿಯ ಗುಳಿಗೆಗಳನ್ನು ತಾಟಿನಲ್ಲಿ ಸುರಿದಳು. ಅವನವನ್ನು ಸೆರಗಿನಲ್ಲಿ. ಆಮೇಲೆ ತಾಟಿನಲ್ಲಿದ್ದವು ಗೀರಿನ ಬಾಟಲಿಗೆ ಹೋದವು, ಸೆರಗಿನಲ್ಲಿದ್ದವು ಅವಳದಕ್ಕೆ. ದಿನವೂ ಮಾಡುವ ಕೆಲಸವೇ, ಈ ಸಲ ಗುಳಿಗೆಗಳಲ್ಲಿ.

ಜ್ವರ ಇಳಿಯಿತು.

ಎಷ್ಟು ಬೇಗ ಇಳಿಯಿತೆಂದರೆ ಕಾವೇರಿಗೆ ಹೆದರಿಕೆಯಾಯಿತು. ಮೈಲಾರಿ ಮತ್ತೆ ಕಾರ್ಖಾನೆಗೆ ಹೋದ. ಒಂದು ಭಾನುವಾರ ಅವಳನ್ನು ಉಣಕಲ್ ಕೆರೆಗೆ ಕರೆದುಕೊಂಡು ಹೋಗಿ ಗಿರಮಿಟ್ ಕೊಡಿಸಿದ. ಒಂದೇ ಕಾಗದದಲ್ಲಿ ಇಬ್ಬರೂ ತಿಂದರು. ಮಿರ್ಚಿ ಭಜಿಯ ಅರ್ಧ ಅವಳ ಕಡೆ ತಳ್ಳಿದ.

"ಡಾಕ್ಟರ್ ಹೇಳಿದಂಗ ಆತು ನೋಡು. ತಾನ ಇಳೀತು."

"ಹೂಂ," ಎಂದಳು. ಹೇಳಬೇಕೆನಿಸಿತು. ಹೇಳಿದರೆ ಮನೆಗೆ ಹೋದವನೇ ತಿರುಗಿ ಬದಲಿಸುತ್ತಾನೆ. ಅವನ ಬುದ್ಧಿ ಅವಳಿಗೆ ಗೊತ್ತಿತ್ತು. ಮಿರ್ಚಿ ಬಾಯಿಗಿಟ್ಟುಕೊಂಡಳು.

ದವಾಖಾನೆಯಲ್ಲಿ ಅಬೀದಾ ಕೇಳಿದಳು: "ಇಬ್ಬರೂ ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತೀರಿಲ್ಲೋ?" ಇಬ್ಬರೂ ಹೌದೆಂದರು. ಅದು ಸುಳ್ಳಾಗಿರಲಿಲ್ಲ. ಹೊಸ ಬಾಟಲಿಗಳು ಬಂದವು. ಮೈಲಾರಿ ಗೀರು ಎಳೆದ, ಕಾವೇರಿ ಮತ್ತೆ ಬದಲಿಸಿದಳು.

ದಸರೆಯ ಹೊತ್ತಿಗೆ ಅವನ ಕಣ್ಣು ಹಳದಿಯಾದವು. ಕಾರ್ಖಾನೆಯ ಕಾವಿಗೆ ಪಿತ್ತವೇರಿದೆ ಎಂದು ಸುಮ್ಮನಿದ್ದ. ಅನ್ನ ಕಂಡರೆ ವಾಕರಿಕೆ, ಮೈಯೆಲ್ಲ ಕೆಂಪು ದದ್ದು. ಸಿದ್ದಲಿಂಗಪ್ಪ ಕಣ್ಣ ರೆಪ್ಪೆ ಎತ್ತಿ ನೋಡಿದವರು ಎಲ್ಲ ಗುಳಿಗೆಗಳನ್ನೂ ಅಲ್ಲೇ ನಿಲ್ಲಿಸಿ, ತಾವೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿ ಕಾವೇರಿ ಗಂಜಿ ಕುಡಿಸುತ್ತಿದ್ದಳು. ಎರಡು ಚಮಚಕ್ಕೆ ಅವನು ಮುಖ ತಿರುಗಿಸುತ್ತಿದ್ದ. ಉಳಿದದ್ದನ್ನು ಕಣ್ಣಲ್ಲೇ ತೋರಿಸಿ, ನೀ ಕುಡಿ ಎನ್ನುತ್ತಿದ್ದ.

"ರೀ," ಎಂದಳು ಒಂದು ಸಂಜೆ. "ಆ ಗುಳಿಗಿ ಅದಾವಲ್ರೀ..."

"ನಂದು ನಿಲ್ಸ್ಯಾರ. ನೀ ಮಾತ್ರ ತಪ್ಪಿಸಬ್ಯಾಡ," ಎಂದ ಮೈಲಾರಿ. "ತಿಳೀತಿಲ್ಲೋ? ಏನಾದ್ರೂ ಆಗ್ಲಿ, ನೀ ತಪ್ಪಿಸಬ್ಯಾಡ."

ಅವಳು ಗಂಜಿಯ ಬಟ್ಟಲು ಖಾಲಿ ಮಾಡಿದಳು. ಮಾತು ಅಲ್ಲಿಗೇ ನಿಂತಿತು. ಆ ವಾರ ದಾಟಲಿಲ್ಲ ಅವನು.

ದಿನಕರ್ಮಗಳು ಮುಗಿದು ಕಾವೇರಿ ಕೇಶ್ವಾಪುರಕ್ಕೆ ಹೋದಾಗ ಬಂಗಲೆಯ ಬೆಂಚಿನ ಮೇಲೆ ಕಾಯುವವರು ಬಹಳ ಮಂದಿ ಇದ್ದರು. ಯಾರಿಗೂ ಹೊಸ ಬಾಟಲಿ ಸಿಕ್ಕಿರಲಿಲ್ಲ. ಡಾಕ್ಟರು ಅವಳನ್ನು ಒಳಗೆ ಕರೆದರು. ಅಬೀದಾ ಬಾಗಿಲ ಹತ್ತಿರ ನಿಂತಳು.

"ಕೂಡ್ರವಾ," ಎಂದರು ಸಿದ್ದಲಿಂಗಪ್ಪ. ಗಡ್ಡ ಬೋಳಿಸಿರಲಿಲ್ಲ. "ಇಂಥಾ ಸಾವು ಆದ್ರ ಮುಂಬಯಿಯವರು ಗುಟ್ಟು ಬಿಚ್ಚಿ ಹೇಳತಾರ. ಮೈಲಾರಿಯ ನಂಬರಿಗೆ ಹೊಸಾ ಔಷಧ ಇತ್ತು. ಲಿವರಿಗೆ ಹಗರ ಅಂತ ನಾನ ನಿಮಗ ಹೇಳಿಸಿದ್ದೆ. ಅದ ಅವನ ಲಿವರ್ ತಿಂತು. ಈಗ ಹೊಸಾದು ಎಲ್ಲಾರಿಗೂ ಬಂದ್ ಮಾಡ್ಯಾರ. ನನ್ನ ಮಾತು ನಂಬಿ ಬಂದಿದ್ದ ಅವ, ತಂಗಿ. ನಿನಗ ಏನ್ ಹೇಳ್ಲಿ ನಾ."

ಕಾವೇರಿಗೆ ಮೊದಲು ಕೇಳಿಸಿದ್ದು ಒಂದೇ ಮಾತು: ಅವನ ನಂಬರಿಗೆ ಹೊಸದು. ಅಂದರೆ ಒಳ್ಳೆಯದು ಮೊದಲಿನಿಂದಲೂ ಅವನ ಪಾಲಿಗೇ ಬಿದ್ದಿತ್ತು.

"ಅವರು ಅದನ್ನ ತಗೊಂಡಿಲ್ರೀ, ಸಾಹೇಬ್ರ," ಎಂದಳು. "ಶ್ರಾವಣದಿಂದ ನನ್ನ ಗುಳಿಗಿ ಅವ್ರಿಗಿ ಹಾಕೇನಿ. ಅವ್ರದು ನಾ ತಗೊಂಡೇನಿ."

ಅಬೀದಾ ಮುಂದೆ ಬಂದಳು. "ಯವ್ವಾ ಕಾವೇರಿ, ಎಷ್ಟ ಸಲ ಹೇಳಿದ್ದೆ! ಒಬ್ಬರದು ಒಬ್ಬರು ತಗೋಬ್ಯಾಡ್ರಿ ಅಂತ."

"ನಾ ತಗೊಳ್ಳಾಕ ಹೋಗಿದ್ದಿಲ್ರೀ ಮೇಡಂ. ಕೊಟ್ಟೆ. ನನಗ ಛಲೋ ಆಗಿತ್ತು, ಅವರು ಬತ್ತಾಕತ್ತಿದ್ರು. ಛಲೋದು ಅವ್ರಿಗಿ ಇರ್ಲಿ, ಉಳಿದದ್ದು ನನಗ ಅಂತ."

ಡಾಕ್ಟರು ಮುಂಬಯಿಗೆ ಫೋನ್ ಮಾಡಿ ಅವಳ ನಂಬರು ಹೇಳಿದರು. ಅವಳದು ಹಳೆಯ ಔಷಧಿಯೇ ಆಗಿತ್ತು.

"ಹಳೇದನ್ನ ಸುರೂಕ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸಬೇಕವಾ," ಎಂದರು, ಮೆಲ್ಲಗೆ. "ನಿನ್ನ ಮೈ ಹಂಗ ಒಗ್ಗಿಸಿಕೊಂಡಿತ್ತು. ಅವಗ ಒಮ್ಮಿಗೇ ಪೂರಾ ಬಿತ್ತು. ಜೋಡಿಗೆ ಟಿಬಿ ಗುಳಿಗಿ."

"ಬದಲಿ ಮಾಡಿದ್ಮ್ಯಾಲೆ ಜ್ವರಾ ಇಳೀತಲ್ರೀ?"

"ಅದು ತಾನ ಇಳಿಯೂದಿತ್ತು."

ಕಾವೇರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾ ಸುಮ್ಮನಿದ್ರ ಉಳೀತಿದ್ರೇನ್ರೀ?"

ಸಿದ್ದಲಿಂಗಪ್ಪ ತಲೆಯೆತ್ತಿದರು. "ಹೇಳಾಕ ಬರೂದಿಲ್ಲ ತಂಗಿ. ಅದು ಮುಂಬಯಿಯವರಿಗೂ ಗೊತ್ತಿಲ್ಲ."

ಅವಳ ರಕ್ತ ತೆಗೆದುಕೊಂಡರು. ಅದರಲ್ಲಿ ಹೊಸ ಔಷಧಿ ಸಿಕ್ಕಿತು, ಲಿವರ್ ಚೊಕ್ಕಟವಾಗಿತ್ತು. ಪತ್ರ, ಫೋನು, ಮುಂಬಯಿಯಿಂದ ಬಂದವರ ಪ್ರಶ್ನೆಗಳು. ಕೊನೆಗೆ ತಪ್ಪು ಹೊಸ ಔಷಧಿಯದಲ್ಲವೆಂದು ಖಾತ್ರಿಯಾಗಿ, ಬೆಂಚಿನ ಮೇಲೆ ಕಾಯುವವರಿಗೆ ಗುಳಿಗೆ ಮತ್ತೆ ಸುರುವಾಯಿತು. ಕಾವೇರಿ ಇನ್ನು ಸಂಶೋಧನೆಯ ಲೆಕ್ಕಕ್ಕೆ ಬರುವಂತಿರಲಿಲ್ಲ, ಅವಳ ನಂಬರಿನ ಗುಟ್ಟು ಬಯಲಾಗಿತ್ತು. ಆದರೂ ಹೊಸ ಔಷಧಿಯನ್ನೇ ಮುಂದುವರಿಸಲು ಒಪ್ಪಿದರು. ಬಾಟಲಿ ಕೊಡುವಾಗ ಅಬೀದಾ ಯಾವ ಎಚ್ಚರಿಕೆಯನ್ನೂ ಹೇಳಲಿಲ್ಲ. ಬದಲಿಸಲು ಅವಳ ಮನೆಯಲ್ಲಿ ಇನ್ನೊಂದು ಬಾಟಲಿ ಇರಲಿಲ್ಲ.

"ಉಂಡ್ ತಗೋರಿ," ಎಂದಳಷ್ಟೆ. "ಖಾಲಿ ಹೊಟ್ಟೀಲೆ ಬ್ಯಾಡ."

ಮನೆಗೆ ಬಂದು ಕಾವೇರಿ ರೊಟ್ಟಿ ಬಡಿದಳು. ತಾಟು ತೊಳೆದು ಒಂದು ರೊಟ್ಟಿ, ಪಲ್ಯ ಹಾಕಿ ಎದುರಿಗಿಟ್ಟುಕೊಂಡು ಕೂತಳು. ಕೈ ಮುಂದೆ ಹೋಗಲಿಲ್ಲ. ಯಾರೋ ಉಂಡು ಏಳಬೇಕಿತ್ತು. ರೊಟ್ಟಿಯ ಅಂಚು ಬಿರುಸಾಗತೊಡಗಿತು. ಓಣಿಯಲ್ಲಿ ಯಾರದೋ ಸ್ಕೂಟರು ಎಷ್ಟು ಒದ್ದರೂ ಚಾಲೂ ಆಗುತ್ತಿರಲಿಲ್ಲ.

ಕೊನೆಗೆ ಮುರಿದಳು. ತಾಟು ಮುಗಿಯುವ ಹೊತ್ತಿಗೆ ನೋಡಿದರೆ, ಅವನ ಹೆಸರಿದ್ದ ಅಂಚಿನಲ್ಲಿ ಒಂದು ತುತ್ತು ಉಳಿದಿತ್ತು, ಪಲ್ಯ ಹಚ್ಚಿ ಮಡಚಿಟ್ಟದ್ದು. ಬಿಟ್ಟದ್ದು ಅವಳದೇ ಕೈ. ಎತ್ತಿ ಯಾರಿಗಾದರೂ ಕೊಡುವಂತಿರಲಿಲ್ಲ, ಚೆಲ್ಲುವಂತೆಯೂ ಇರಲಿಲ್ಲ.

ಅದನ್ನೂ ತಿಂದಳು. ಆಮೇಲೆ ಗುಳಿಗೆ ನುಂಗಿ ನೀರು ಕುಡಿದಳು.