ಮೂರು ಸಿಳ್ಳೆ

"ಹೊಳೆಗಿಳಿ ಅಂತ ಅವನ ಅಪ್ಪ ಹೇಳಿದ್ನಾ? ಸತ್ತೋನು ಸತ್ತ. ರುಜು ಹಾಕೇ, ಮುಂಡೆ!"

ಗಂಡನನ್ನು ಮಣ್ಣು ಮಾಡಿ ಬಂದ ಮರುದಿನದ ಬೆಳಗು. ಒಲೆ ಹೊತ್ತಿರಲಿಲ್ಲ. ನೀರಾವರಿ ಕಚೇರಿಯ ಸಾಹೇಬ ಬೂಟು ಬಿಚ್ಚದೆ ನಡುಮನೆಯಲ್ಲಿ ನಿಂತಿದ್ದ. ಅವಳ ಗಂಡ ಅವನ ಕೈಕೆಳಗಿನ ದಿನಗೂಲಿ. ಹೊಳೆಯ ಅಳತೆಗಂಬ ನೋಡಿ ನೀರಿನ ಮಟ್ಟ ಬರೆಯುತ್ತಿದ್ದವನು. ಆಚೆ ದಡ ಬೇರೆ ದೇಶ. ಅಣೆಕಟ್ಟು ಅವರದು.

ಅವಳು ಸಾಹೇಬ ಚಾಚಿದ ಕಾಗದ ಓದಿದಳು. ಆಚೆಯವರು ಸೂಚನೆ ಕೊಡದೆ ನೀರು ಬಿಟ್ಟರು, ಮೃತನು ಕುಡಿದಿದ್ದನು ಎಂದಿತ್ತು.

"ಅವರು ಕುಡೀತಿರ್ಲಿಲ್ಲ. ಸೂಚನೇನೂ ಬಂದಿತ್ತು. ನಿಮ್ಮ ಮೇಜಿನ ಮೇಲೇ ಮಲಗಿತ್ತಂತಲ್ಲ ಸಾಹೇಬ್ರೆ?"

"ನಾಲಿಗೆ ಬಿಗಿಹಿಡಿ. ಎರಡೂ ದೇಶದೋರು ಇವತ್ತು ಹೊಳೆ ನೋಡಕ್ಕೆ ಬರ್ತಾರೆ. ಅಷ್ಟರೊಳಗೆ ರುಜು ಬೇಕು. ಇಲ್ಲಾಂದ್ರೆ ಕಚೇರಿ ಮನೆ ಬಿಟ್ಟು ಬೀದಿಗೆ ಬೀಳು."

ಗೂಟದಲ್ಲಿ ಗಂಡನ ಅಂಗಿ, ಅದರ ಮೇಲೆ ಅವನ ಕೊರಳಿಂದ ಬಿಚ್ಚಿದ ಹಿತ್ತಾಳೆಯ ಸಿಳ್ಳೆ. ಆಚೆ ದಡದ ಅಳತೆಗಂಬದ ಮುದುಕ, ಎಲ್ಲರೂ ಮಾವ ಅನ್ನುವವನು, ಎರವಲು ಕೊಟ್ಟಿದ್ದು. ಅಣೆಕಟ್ಟಿನ ಬಾಗಿಲು ತೆರೆದರೆ ಮುದುಕ ಅಲ್ಲಿಂದ ಮೂರು ಸಲ ಊದುತ್ತಿದ್ದ. ಇವನು ಇಲ್ಲಿಂದ ಮೂರು. ಮರಳು ತೆಗೆಯುವವರು ಬುಟ್ಟಿ ಬಿಟ್ಟು ದಡಕ್ಕೆ ಓಡಬೇಕು. ಆ ದಿನವೂ ಎಲ್ಲರೂ ಓಡಿದ್ದರು, ಕಿವುಡಿ ದೊಡ್ಡಮ್ಮನೊಬ್ಬಳನ್ನು ಬಿಟ್ಟು. ಅವಳನ್ನು ದಡಕ್ಕೆ ನೂಕಿದ ಗಂಡ ತಾನು ಮೇಲೆ ಬರಲಿಲ್ಲ.

ಮಧ್ಯಾಹ್ನ ಎರಡೂ ದೇಶದ ದೊಡ್ಡವರು ಕೊಡೆ ಹಿಡಿಸಿಕೊಂಡು ಮರಳಿಗಿಳಿದರು.

"ಆಚೆಯಿಂದ ಎಚ್ಚರಿಸೋ ಪದ್ಧತೀನೇ ಇಲ್ಲ ಸಾರ್," ಸಾಹೇಬ ಹೇಳುತ್ತಿದ್ದ.

ಅವಳು ರುಜು ಹಾಕಿರಲಿಲ್ಲ. ಗಂಡನ ಸಿಳ್ಳೆ ಹಿಡಿದು ಅಳತೆಗಂಬದ ಪಕ್ಕ ನಿಂತು ಮೂರು ಸಲ ಊದಿದಳು.

ಬುಟ್ಟಿಗಳು ಬಿದ್ದವು. ನಲವತ್ತು ಜನ ದಡಕ್ಕೆ ಓಡಿದರು. ಇಬ್ಬರು ದೊಡ್ಡಮ್ಮನನ್ನು ಕಂಕುಳಿಗೆ ಕೈಕೊಟ್ಟು ಎತ್ತೊಯ್ದರು. ಮರಳಲ್ಲಿ ಕೊಡೆಗಳಷ್ಟೇ ಉಳಿದವು.

"ಪದ್ಧತಿ ಇಲ್ಲ ಅಂದ್ರಿ?" ಆಚೆ ದೇಶದ ಅಧಿಕಾರಿ ಕೇಳಿದ.

"ಆಚೆ ಮಾವ ಊದೋದು, ನಾವು ಓಡೋದು!" ದಡದಿಂದ ಒಬ್ಬಳು ಕೂಗಿದಳು. "ನಿಮಗ್ಯಾರೂ ಹೇಳ್ಲಿಲ್ವಾ ಸ್ವಾಮಿ?"

"ಹಿಡೀರೋ ಆ ಬೋಸುಡೀನ!" ಸಾಹೇಬ ಅರಚಿದ.

ಸಿಳ್ಳೆ ಹಿಡಿದ ಅವಳು ಆಗಲೇ ಸೊಂಟಮಟ್ಟದ ನೀರಲ್ಲಿದ್ದಳು. ಆಚೆಯಿಂದ ಮುದುಕನೂ ಇಳಿದು ಬಂದ. ಎರಡೂ ದಡದ ಕಾವಲಿನವರ ಬಂದೂಕುಗಳು ಎದ್ದವು.

"ಮಾವ, ಅವರು ಎರವಲು ತಂದಿದ್ದು."

"ನಿನ್ನ ಹತ್ರಾನೇ ಇರ್ಲಿ ಮಗಳೇ."

"ಬೇಡ. ಇವತ್ತು ಬರದೇ ಇರೋ ನೀರಿಗೆ ಊದಿದೀನಿ. ಇನ್ನು ನಾನು ಊದಿದ್ರೆ ಯಾರೂ ಓಡಲ್ಲ."

ಅವನ ಅಂಗೈಯಲ್ಲಿ ಸಿಳ್ಳೆಯಿಟ್ಟು ಬೆರಳು ಮಡಿಸಿದಳು. ತಿರುಗಿ ನೋಡಿದರೆ, ನೀರು ಬರಲಿಲ್ಲವೆಂದು ಜನ ಒಬ್ಬೊಬ್ಬರಾಗಿ ಮತ್ತೆ ಮರಳಿನ ಗುಂಡಿಗಳಿಗೆ ಇಳಿಯುತ್ತಿದ್ದರು. ಎಲ್ಲರಿಗಿಂತ ಮುಂದೆ ದೊಡ್ಡಮ್ಮ.