ಮೊಲವೂ ಒಂಟಿ ಸೀನೂ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬೇಟೆಯ ಕಥೆ ಹೇಳುವವನು ಒಮ್ಮೆಯಾದರೂ ಬಂದೂಕು ಹಿಡಿದಿರಬೇಕು. ನಾನು ಹಿಡಿದದ್ದು ಕೋಲು. ಯಾದಗಿರಿಯ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು, ಈಗಿರುವ ಡಚ್ಚರ ದೇಶದಲ್ಲಿ, ಗ್ರೋನಿಂಗನ್ನಿನ ಸಂಜೆ ತರಗತಿಯಲ್ಲಿ ಡಚ್ ಕಲಿತವನು. ನನ್ನ ತಿಳಿವಳಿಕೆಯೆಲ್ಲ ಹೊತ್ತು ಇಳಿದ ಮೇಲಿನದು. ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೂ ನಾನೇ ಹೇಳಬೇಕು, ಏಕೆಂದರೆ ಆ ಮೊಲ ತಪ್ಪಿದ್ದು ನನ್ನಿಂದ. ಬಹುಶಃ.

ವಿರೂಪಾಕ್ಷ ಭಾವ ನನ್ನ ಅಕ್ಕ ಪದ್ಮಶ್ರೀಯ ಗಂಡ, ಎಂಜಿನಿಯರ್. ಗ್ರೋನಿಂಗನ್ನಿನಲ್ಲಿ ನಾನು ಅವರ ಮನೆಯಲ್ಲೇ ಇದ್ದೇನೆ. ಭಾವನದು ಸುರಪುರದ ಕಡೆಯ ಬೇಡರ ಮನೆತನ. ಅವರ ಅಜ್ಜ ಮರಿಯಪ್ಪನ ಕಥೆಗಳನ್ನು ಕೇಳಿದರೆ, ಆ ಗುಡ್ಡಗಳಲ್ಲಿ ಈಗ ಹಂದಿಗಳೇಕೆ ಕಡಿಮೆ ಎಂಬುದು ತಿಳಿಯುತ್ತದೆ. ಮೊಮ್ಮಗ ಮಾತ್ರ ಸೊಳ್ಳೆ ಬಿಟ್ಟು ಬೇರೇನನ್ನೂ ಹೊಡೆದವರಲ್ಲ. ಆ ಕೊರತೆ ನೀಗಲೆಂದು ಒಂದು ವರ್ಷ ಬೇಟೆಯ ಕೋರ್ಸ್ ಮಾಡಿದರು, ರೆಕ್ಕೆ ನೋಡಿ ಬಾತುಕೋಳಿಯ ಹೆಸರು ಹೇಳುವ ಪರೀಕ್ಷೆ ಪಾಸಾದರು, ಪರವಾನಗಿ ಪಡೆದರು. ಆದರೆ ಈ ದೇಶದಲ್ಲಿ ಪರವಾನಗಿಯೊಂದೇ ಸಾಲದು, ಬೇಟೆಯಾಡಲು ನೂರು ಎಕರೆಯಷ್ಟು ನೆಲವೂ ಬೇಕು. ನಮಗಿದ್ದದ್ದು ಬಾಲ್ಕನಿ, ಅದರಲ್ಲೊಂದು ಕರಿಬೇವಿನ ಕುಂಡ.

ನೆಲ ಇದ್ದದ್ದು ಹಾರ್ಮ್ ಎಂಬ ಮುದುಕ ರೈತನ ಗುಂಪಿನ ಬಳಿ. ಅಲ್ಲಿ ಒಂದು ಜಾಗ ಖಾಲಿಯಾಗಿತ್ತು. "ಒಂದು ದಿನ ಬಾ, ನೋಡುತ್ತೇನೆ, ಆಮೇಲೆ ಹೇಳುತ್ತೇನೆ" ಎಂದಿದ್ದ ಹಾರ್ಮ್. ಅವನು ಬೇಡವೆಂದರೆ ಭಾವನ ಬಂದೂಕು ಕಪಾಟಿನಲ್ಲೇ ಮುಪ್ಪಾಗುತ್ತಿತ್ತು.

ಅದು ಎರಡು ಸಾವಿರದ ಇಪ್ಪತ್ತರ ಅಕ್ಟೋಬರ್. ಕೊರೊನಾ ನಿಯಮದಂತೆ ಹೊರಗೆ ನಾಲ್ಕೇ ಜನ ಸೇರಬಹುದಿತ್ತು: ಹಾರ್ಮ್, ಅವನ ಗೆಳೆಯ ಗೇರ್ಟ್, ಭಾವ, ಮತ್ತು ಪ್ರಾಣಿ ಎಬ್ಬಿಸಲು ಕೋಲು ಹಿಡಿದ ನಾನು.

ಗದ್ದೆಗೆ ಬಂದ ಕೂಡಲೇ ಹಾರ್ಮ್ ತನ್ನ ನಾಯಿ ಫೆಮ್ಕೆಯ ಹಗ್ಗವನ್ನು ನನ್ನ ಕೈಗಿತ್ತ. ನಾಯಿಕೂದಲು ನನ್ನ ಮೂಗಿಗೆ ಚಿಕ್ಕಂದಿನಿಂದಲೂ ಆಗದು. ಆದರೆ ಆ ದಿನಗಳಲ್ಲಿ ಸೀನುತ್ತೇನೆಂದು ಬಾಯಿಬಿಟ್ಟು ಹೇಳುವವರುಂಟೇ? ಅಂಗಡಿಯಲ್ಲಿ ಒಬ್ಬ ಸೀನಿದರೆ ಆಲೂಗಡ್ಡೆಯ ಸಾಲಿಗೆ ಸಾಲೇ ಖಾಲಿಯಾಗುತ್ತಿತ್ತು. ನನ್ನನ್ನು ಮನೆಗೆ ಕಳಿಸಿದರೆ ಭಾವನೂ ಬಂದ ದಾರಿ ಹಿಡಿಯಬೇಕಿತ್ತು. ಹಗ್ಗ ಹಿಡಿದು ಸುಮ್ಮನಿದ್ದೆ.

ಭಾವನ ಬಗ್ಗೆ ಇನ್ನೊಂದು ಮಾತು. ಹೊರಟ ಕೆಲಸಕ್ಕೆ ಒಂಟಿ ಸೀನು ಅಡ್ಡ ಬಂದರೆ ಅವರು ನಿಂತುಬಿಡುತ್ತಾರೆ. ಎರಡನೆಯದು ಬಂದು ಜೋಡಿಯಾದರೆ ಮಾತ್ರ ಮುಂದಿನ ಹೆಜ್ಜೆ. ಅಕ್ಕನ ಒಂಟಿ ಸೀನಿಗೆ ಒಮ್ಮೆ ವಿಮಾನ ನಿಲ್ದಾಣದ ರೈಲನ್ನೇ ಬಿಟ್ಟಿದ್ದರು. ಮರಿಯಪ್ಪಜ್ಜ ಹೀಗೆ ಮಾಡಿಯೇ ಎಂಬತ್ತೆಂಟು ವರ್ಷ ಬದುಕಿದನಂತೆ.

ಬೀಟ್‌ರೂಟ್ ಕಿತ್ತ ಗದ್ದೆಯಲ್ಲಿ ನಾಲ್ವರೂ ಸಾಲಾಗಿ ದೂರದೂರ ನಡೆದೆವು. ಹನ್ನೊಂದರ ಹೊತ್ತಿಗೆ ಭಾವನ ಮುಂದೆಯೇ ಮೊಲ ಎದ್ದಿತು. ದೊಡ್ಡದು, ಕುರಿಮರಿಯಷ್ಟು. ಬಂದೂಕು ಹೆಗಲಿಗೇರಿತು. ಹಾರ್ಮ್ ನಿಂತು ನೋಡತೊಡಗಿದ.

ಆಗ ನಾನು ಸೀನಿದೆ.

ಭಾವ ಕಲ್ಲಾದರು. ಬೆರಳು ಬಂದೂಕಿನ ಕುದುರೆಯ ಮೇಲಿದೆ, ಕಿವಿ ನನ್ನ ಕಡೆಗಿದೆ. ಎರಡನೆಯದಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಾಗಬೇಕಿತ್ತು. ನನಗೆ ಕಂಡದ್ದು, ಸೀನಿದ್ದು ಯಾರೆಂದು ಸುತ್ತ ನೋಡುತ್ತ ಗೇರ್ಟ್ ಎರಡು ಹೆಜ್ಜೆ ಹಿಂದೆ ಸರಿದದ್ದು ಮಾತ್ರ. ಎರಡನೆಯ ಸೀನು ಮೂಗಿನ ತುದಿಗೆ ಬಂದು ನಿಂತಿತ್ತು. ಮೂಗು ಬಾಯಿ ಎರಡನ್ನೂ ಒತ್ತಿ ಹಿಡಿದೆ. ಕಣ್ಣಲ್ಲಿ ನೀರು ಬಂತು, ಕಿವಿಯಲ್ಲಿ ಗಂಟೆ ಬಾರಿಸಿತು, ಸೀನು ಹೊಟ್ಟೆಗಿಳಿಯಿತು.

ಮೊಲ ಅಷ್ಟು ದೂರ ಓಡಿ, ಕುಳಿತು, ತಿರುಗಿ ನೋಡಿತು. ಏನು ತಡವೆಂದು ಕೇಳುವ ಹಾಗೆ. ಆಮೇಲೆ ಕಾಲುವೆ ಜಿಗಿದು ಹೋಯಿತು. ಅಷ್ಟು ಹೊತ್ತಿಗೆ ಭಾವ ತಡೆಯಲಾಗದೆ ಗುಂಡು ಹಾರಿಸಿದರು. ಬಿದ್ದದ್ದು ಗದ್ದೆಯಂಚಿನ ರಾಶಿಯ ಒಂದು ಬೀಟ್‌ರೂಟ್.

"ಯಾಕೆ ಕಾದೆ?" ಎಂದ ಹಾರ್ಮ್.

ಭಾವ ಬಾಗಿ ಖಾಲಿ ತೋಟಾ ಹೆಕ್ಕತೊಡಗಿದರು.

ಬೇಟೆ ಮುಗಿದ ಮೇಲೆ ಸತ್ತ ಪ್ರಾಣಿಗಳನ್ನು ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿ ಟೋಪಿ ತೆಗೆದು ನಿಲ್ಲುವುದು ಅವರ ಪದ್ಧತಿ. ಹಾರ್ಮ್ ತಾನೂ ಗೇರ್ಟೂ ಹೊಡೆದ ಎರಡು ಮೊಲಗಳನ್ನಿಟ್ಟ, ಕೊನೆಗೆ ಆ ಬೀಟ್‌ರೂಟನ್ನೂ ಇಟ್ಟ. ನಾಲ್ವರೂ ಅದಕ್ಕೆ ಟೋಪಿ ತೆಗೆದೆವು. ಜಾಗದ ವಿಷಯ ಕೇಳಿದರೆ, "ಜನವರಿಯಲ್ಲಿ ನೋಡೋಣ" ಎಂದ.

ಜನವರಿಯಲ್ಲಿ ಅವರ ಗುಂಪು ಹಾರ್ಮನ ಕೊಟ್ಟಿಗೆಯಲ್ಲಿ ಕೂತು, ಬಟಾಣಿ ಸೂಪು ಕುಡಿಯುತ್ತ, ಆ ವರ್ಷ ತಪ್ಪಿದ ಗುಂಡುಗಳ ಕಥೆ ಹೇಳುವುದು ವಾಡಿಕೆ. ಅತಿ ನೋವಿನ ಕಥೆ ಯಾರದೋ ಅವರು ವರ್ಷವಿಡೀ ಕೊಟ್ಟಿಗೆ ಗುಡಿಸಬೇಕು. ಆ ವರ್ಷ ಲಾಕ್‌ಡೌನ್, ಎಲ್ಲವೂ ಲ್ಯಾಪ್‌ಟಾಪಿನಲ್ಲಿ. ಹಾರ್ಮ್ ಕರೆದಿದ್ದರಿಂದ ಭಾವ, ನಾನು ಒಂದೇ ಪರದೆಯ ಮುಂದೆ ಕೂತೆವು. ಅಕ್ಕ ಹಿಂದೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

ಗೇರ್ಟ್ ಗುಂಡು ತುಂಬದೆಯೇ ಹೆಬ್ಬಾತಿಗೆ ಗುರಿಯಿಟ್ಟದ್ದನ್ನು ಹೇಳಿದ. ಮೂರು ಸಲ ತಪ್ಪಿಸಿಕೊಂಡ ಕಾಡುಹುಂಜ ಕೊನೆಗೆ ತನ್ನ ಕಾರಿನ ಮೇಲೇ ಹೇತು ಹೋದದ್ದನ್ನು ಹಾರ್ಮ್ ಹೇಳಿದ. ಭಾವನ ಸರದಿ ಬಂತು. ಮರಿಯಪ್ಪಜ್ಜನಿಂದ ಶುರುಮಾಡಿ ಸೀನಿನ ಶಾಸ್ತ್ರವನ್ನೆಲ್ಲ ವಿವರಿಸಿದರು.

"ಸೀನಿದ್ದು ಯಾರು?" ಎಂದ ಹಾರ್ಮ್.

ಭಾವ ನನ್ನ ಕಡೆ ನೋಡಲಿಲ್ಲ. "ನಾಯಿ" ಎಂದರು.

ಹಾರ್ಮನ ಮುಖ ಬಿಳಿಚಿತು. "ಫೆಮ್ಕೆ? ಹತ್ತು ವರ್ಷದಲ್ಲಿ ಅವಳು ಸೀನಿಲ್ಲ. ಮೂರು ತಿಂಗಳಿಂದ ಹುಷಾರಿಲ್ಲವೇ ಹಾಗಾದರೆ? ತಡೆಯಿರಿ, ಡಾಕ್ಟರಿಗೆ ಫೋನ್ ಮಾಡುತ್ತೇನೆ."

ಮುದುಕ ನಿಜಕ್ಕೂ ಎದ್ದ. ನಾನು ಭಾವನ ಮೊಣಕೈ ಹಿಡಿದೆ.

"ಭಾವಾ, ನಾ ಹೇಳ್ತೀನ್ರಿ."

"ಸುಮ್ನ ಕುಂದ್ರಲೇ. ಕೊರೊನಾದಾಗ ಸೀನು ಮುಚ್ಚಿಟ್ಟ ಅಂದ್ರ ಇಬ್ಬರನ್ನೂ ಒದ್ದು ಹೊರಗ ಹಾಕ್ತಾನ."

"ಪಾಪ, ನಾಯಿಗೆ ಸೂಜಿ ಚುಚ್ಚಿಸ್ತಾನ್ರಿ!"

ಮೈಕಿನತ್ತ ಬಾಗಿ ಡಚ್‌ನಲ್ಲಿ ಹೇಳಿಬಿಟ್ಟೆ. ಸೀನಿದ್ದು ನಾನು, ನಾಯಿಕೂದಲಿಗೆ, ಮರುದಿನವೇ ಪರೀಕ್ಷೆ ಮಾಡಿಸಿದ್ದೇನೆ, ಕೊರೊನಾ ಇರಲಿಲ್ಲ. ಬಂದದ್ದು ಎರಡು ಸೀನು, ಎರಡನೆಯದನ್ನು ನುಂಗಿದೆ.

ಅಲ್ಲಿ ಹಾರ್ಮ್ ಮತ್ತೆ ಕೂತ. ಇಲ್ಲಿ ಭಾವ ನಿಧಾನವಾಗಿ ತಿರುಗಿದರು.

"ಎರಡನೇದು ಬಂದಿತ್ತೇನಲೇ?"

"ಬಂದಿತ್ತು ಭಾವಾ."

"ಬಂದಿತ್ತಾ! ಮತ್ತ ಬಿಡಬೇಕಿಲ್ಲೇನೋ ಮಾರಾಯಾ! ನಾ ಅದರ ಸಲುವಾಗೇ ನಿಂತಿದ್ನಲ್ಲೋ! ಮೊಲ ಸೈತ ಕುಂತು ಕಾಯ್ತಲ್ಲೋ!"

"ಮೂರು ತಿಂಗಳಿಂದ ನನ್ನ ತಮ್ಮನ್ನ ಒಂಟಿ ಸೀನಿನವ ಅಂತ ಬೈದ್ರಿ," ಎಂದಳು ಅಕ್ಕ ಸೊಪ್ಪಿನಿಂದ ತಲೆಯೆತ್ತದೆ. "ಈಗ ಏನಂತ ಬೈತೀರಿ?"

ಅವರೇನು ಹೇಳುತ್ತಿದ್ದಾರೆಂದು ಹಾರ್ಮ್ ಕೇಳಿದ. ಒಂದು ಮಾತೂ ಬಿಡದೆ ಅನುವಾದ ಮಾಡಿದೆ. ಮುದುಕ ಕೆಮ್ಮು ಬರುವ ತನಕ ನಕ್ಕ. ಕೆಮ್ಮು ಬಂದದ್ದಕ್ಕೆ ಹೆದರಿ ನಿಲ್ಲಿಸಿದ. ಆಮೇಲೆ ಎಲ್ಲರೂ ಕೈಯೆತ್ತಿದರು. ಅತಿ ನೋವಿನ ತಪ್ಪು ಬಂದೂಕೇ ಇಲ್ಲದ ನನ್ನದಂತೆ, ಗುಡಿಸಬೇಕಾದವನೂ ನಾನೇ. ಕೊಟ್ಟಿಗೆಯ ಬೀಗದ ಕೈ ಸದಸ್ಯರ ಮನೆಗಷ್ಟೇ ಹೋಗಬಹುದು. ಆದ್ದರಿಂದ ಭಾವನನ್ನು ಸದಸ್ಯರನ್ನಾಗಿ ಮಾಡದೆ ಗತಿಯಿಲ್ಲ ಎಂದ ಹಾರ್ಮ್. ಷರತ್ತು ಒಂದೇ: ಮುಂದಿನ ಸಲ ನಾಯಿಯನ್ನು ಗೇರ್ಟ್ ಹಿಡಿಯಬೇಕು.

ಬೀಗದ ಕೈ ಅಂಚೆಯಲ್ಲಿ ಬಂತು. ಈಗಲೂ ತಿಂಗಳಿಗೆರಡು ಸಲ ಹೋಗಿ ಗುಡಿಸುತ್ತೇನೆ. ಭಾವ ಆಮೇಲೆ ಮೂರು ಮೊಲ ಹೊಡೆದರು, ಹನ್ನೊಂದಕ್ಕೆ ಗುರಿ ತಪ್ಪಿತು. ಆ ಹನ್ನೊಂದಕ್ಕೂ ನಾನು ಸೀನಿಲ್ಲ. ಹಾಗಾಗಿ ಅಂದು ನನ್ನ ಎರಡನೆಯ ಸೀನು ಹೊರಬಂದಿದ್ದರೂ ಆ ಗುಂಡು ಮೊಲಕ್ಕೆ ತಗುಲುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ. ನುಂಗಿದ ಸೀನು ಲೆಕ್ಕಕ್ಕೆ ಬರುತ್ತದೆಯೇ ಎಂದು ಊರಿಗೆ ಫೋನ್ ಮಾಡಿ ನಮ್ಮವ್ವ ಶಿವಗಂಗವ್ವನನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.