ಅಕ್ಕನ ಸೈಕಲ್ಲಿನ ಮುಂದಿನ ಚಕ್ರ

ಸೇತುವೆಯ ಏರು ಅರ್ಧ ಹತ್ತುವಷ್ಟರಲ್ಲಿ ಅಕ್ಕ ಸೈಕಲ್ಲಿನಿಂದ ಇಳಿಯಬೇಕಾಯಿತು. ಹೊಚ್ಚ ಹೊಸ ಸೈಕಲ್ಲು. ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ಆದರೆ ಮುಂದಿನ ಚಕ್ರ ಬ್ರೇಕಿನ ರಬ್ಬರಿಗೆ ಚರ್ರೆಂದು ಉಜ್ಜುತ್ತಲೇ ಇತ್ತು. ಪೆಡಲು ತುಳಿಯುವುದೆಂದರೆ ಹಿಟ್ಟಿನ ದೊಡ್ಡ ಮುದ್ದೆಯನ್ನು ಒಬ್ಬಳೇ ಎಳೆದ ಹಾಗೆ. ಹಿಂದಿನಿಂದ ಬಂದ ಹಾಲಿನ ವ್ಯಾನಿನವನು ಹಾರ್ನ್ ಹೊಡೆಯದೆ, ಅವಳು ಬದಿಗೆ ಸರಿಯುವ ತನಕ ಕಾದು ನಿಂತ. ಬೇರೆ ದಿನವಾಗಿದ್ದರೆ ಅವನ ಕಡೆ ತಿರುಗಿ ಒಮ್ಮೆ ನಗುತ್ತಿದ್ದಳು. ಇವತ್ತು ಅವಳಿಗೆ ಹಾಲಿನ ವ್ಯಾನಿನ ಮೇಲೂ ಸಿಟ್ಟಿತ್ತು, ಸೇತುವೆಯ ಮೇಲೂ ಸಿಟ್ಟಿತ್ತು.

ಎಲ್ಲಕ್ಕಿಂತ ಹೆಚ್ಚು ಸಿಟ್ಟಿದ್ದದ್ದು ತಮ್ಮನ ಮೇಲೆ.

ಅಕ್ಕ ಕೆಲಸ ಮಾಡುವುದು ಬೇಕರಿಯಲ್ಲಿ. ಅಲ್ಲಿ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ಹಿರಿಯನಾದ ಮಾಲೀಕನಿಗೂ ಅಕ್ಕನೇ. ಸೇತುವೆಯಾಚೆ ಬೇಕರಿಯ ಇನ್ನೊಂದು ಒಲೆ ಶುರುವಾಗಿ ವರ್ಷವಾಗಿತ್ತು. ಅಲ್ಲಿನ ಬೆಳಗಿನ ಪಾಳಿಯನ್ನು ನೋಡಿಕೊಳ್ಳಲು ಮಾಲೀಕ ಆಗಲೇ ಅವಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ಆದರೆ ಅವಳನ್ನು ಕೇಳುವ ಮೊದಲೇ, ದಿನಾ ಸ್ಕೂಟರಿನಲ್ಲಿ ಅವಳನ್ನು ತಂದು ಬಿಡುವ ತಮ್ಮ, ಬೇಕರಿಯ ಬಾಗಿಲಲ್ಲಿ ಮಾಲೀಕ ಆ ವಿಷಯ ಎತ್ತಿದಾಗ, ತಾನೇ ಹೇಳಿಬಿಟ್ಟಿದ್ದ: "ಅಯ್ಯೋ, ಅಷ್ಟು ಬೆಳಿಗ್ಗೆ ಅಕ್ಕನ ಕೈಲಿ ಆಗಲ್ಲ ಸಾರ್. ಆ ಹೊತ್ತಲ್ಲಿ ಬಸ್ಸೂ ಇಲ್ಲ. ಯಾರು ತಂದು ಬಿಡೋದು?" ಅಕ್ಕ ಒಳಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ ಅದನ್ನೆಲ್ಲ ಕೇಳಿಸಿಕೊಂಡಿದ್ದಳು. ಬಾಯಿ ತೆರೆಯುವಷ್ಟರಲ್ಲಿ ಮಾತು ಮುಗಿದು, ಸ್ಕೂಟರು ಹೊರಟೂ ಹೋಗಿತ್ತು. ಕೆಲಸ, ಹಿಟ್ಟಿಗೆ ಎರಡೆರಡು ಸಲ ಉಪ್ಪು ಹಾಕುವ ಮರೆಗುಳಿಯೊಬ್ಬನ ಪಾಲಾಯಿತು.

ಈಗ ಆ ಮರೆಗುಳಿ ಬಿಟ್ಟು ಹೋಗಿದ್ದ. ಮಾಲೀಕ ಈ ಸಲ ನೇರವಾಗಿ ಅವಳನ್ನೇ ಕೇಳಿದ. "ಒಲೆ ಹಚ್ಚೋ ಹೊತ್ತಿಗೆ ನೀವಲ್ಲಿ ಇರಬೇಕು ಅಕ್ಕ. ಮೊದಲನೇ ದಿನವೇ ತಡ ಅಂದ್ರೆ ಹುಡುಗರು ನಿಮ್ಮ ಮಾತು ಕೇಳಲ್ಲ. ಹೇಗೆ ಬರ್ತೀರಾ?"

"ನಾನೇ ಬರ್ತೀನಿ," ಎಂದಿದ್ದಳು ಅಕ್ಕ. ಅದಕ್ಕೇ ಸೈಕಲ್ಲು. ಆ ಮೊದಲನೇ ದಿನ ನಾಳೆಯೇ; ಇವತ್ತು ದಾರಿಯನ್ನು ಒಮ್ಮೆ ತುಳಿದು ನೋಡಲು ಹೊರಟಿದ್ದಳು.

ಸೈಕಲ್ಲು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದಿತ್ತು. ಅಂಗಡಿಯವರೇ ಜೋಡಿಸಿ ಕೊಡುತ್ತಿದ್ದರು. ತಮ್ಮ ಬಿಡಲಿಲ್ಲ. "ಅವರು ಕೈಗೆ ಬಂದ ಹಾಗೆ ಬಿಗೀತಾರೆ. ನಾನೇನು ಸತ್ತಿದ್ದೀನಾ?" ಎಂದ. ಆ ಮನೆಯಲ್ಲಿ ತಮ್ಮ ರಿಪೇರಿ ಮಾಡದ ವಸ್ತುವಿರಲಿಲ್ಲ, ರಿಪೇರಿಯಾದ ವಸ್ತುವೂ ಇರಲಿಲ್ಲ. ಬಚ್ಚಲಿನ ನಲ್ಲಿ ಎಡಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು. ಅಡುಗೆಮನೆಯ ಬಾಗಿಲನ್ನು ಸೊಂಟದಿಂದ ಎತ್ತಿ ಹಾಕಬೇಕಿತ್ತು. ಇಷ್ಟೆಲ್ಲ ಗೊತ್ತಿದ್ದೂ ಅಕ್ಕ ಹೂಂ ಅಂದಿದ್ದಳು. ಅವನ ಹುಮ್ಮಸ್ಸಿಗೆ ತಣ್ಣೀರು ಎರಚಲು ಅವಳಿಗೆ ಮನಸ್ಸಾಗಿರಲಿಲ್ಲ.

ಸೈಕಲ್ಲು ತಳ್ಳಿಕೊಂಡು ವಾಪಸು ಬಂದು ಅವಳು ಮನೆಯ ಗೇಟು ದೂಡಿದಾಗ ತಮ್ಮ ಹಿತ್ತಲಿನ ಶೆಡ್ಡಿನ ಬಾಗಿಲಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ.

"ಏನು, ಇಷ್ಟು ಬೇಗ ಬಂದೆ?"

"ಬಂದಿದ್ದಲ್ಲ, ಹೊತ್ಕೊಂಡು ಬಂದೆ. ಮುಂದಿನ ಚಕ್ರ ಉಜ್ತಾ ಇದೆ ಅಂತ ಬೆಳಿಗ್ಗೆನೇ ಹೇಳಿದ್ನೋ ಇಲ್ವೋ?"

"ಹೊಸದು ಕಣೇ ಅಕ್ಕ. ಹೊಸ ಚಪ್ಪಲಿ ಕಚ್ಚಲ್ವಾ? ಓಡ್ತಾ ಓಡ್ತಾ ತಾನೇ ಸರಿ ಹೋಗುತ್ತೆ."

"ಓಡಿದ್ರೆ ತಾನೇ! ಏರಲ್ಲಿ ಇಳಿದು ತಳ್ಳಿದೀನಿ, ಊರವರ ಮುಂದೆ."

ತಮ್ಮ ಪೇಪರು ಮಡಚಿದ. ಕೂತಲ್ಲಿಂದಲೇ ಚಕ್ರದ ಕಡೆ ಕಣ್ಣು ಹಾಯಿಸಿದ. ಏಳಲಿಲ್ಲ. "ಚಕ್ರದಲ್ಲೇನೂ ಇಲ್ಲ. ನೀನು ಸೈಕಲ್ ಬಿಟ್ಟು ಎಷ್ಟು ಕಾಲ ಆಯ್ತು? ಹ್ಯಾಂಡಲ್ ಒಂದು ಕಡೆ ಎಳೀತಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ, ದೊಡ್ಡ ಉಪಕಾರ ಮಾಡುವವನ ಹಾಗೆ, "ಬಿಡು, ನಾಳೆ ನಾನೇ ಸ್ಕೂಟರಲ್ಲಿ ಬಿಡ್ತೀನಿ," ಎಂದ.

ಅಕ್ಕನ ಕೋಪ ನೆತ್ತಿಗೇರಿದ್ದು ಆ ಮಾತಿಗೆ. ಸೈಕಲ್ಲಿನ ಸ್ಟ್ಯಾಂಡನ್ನು ಕಾಲಿನಿಂದ ಒದ್ದು ನಿಲ್ಲಿಸಿದಳು.

"ಬಿಡ್ತೀಯಾ? ನಿನ್ನ ಕಾಫಿ ಆಗಬೇಕು, ನಿನ್ನ ಪೇಪರ್ ಆಗಬೇಕು, ಆಮೇಲೆ ಹೆಲ್ಮೆಟ್ ಹುಡುಕಬೇಕು. ಇಷ್ಟು ವರ್ಷ ನಾನು ಆ ಗೇಟಲ್ಲಿ ಚೀಲ ಹಿಡ್ಕೊಂಡು ನಿಂತಿದ್ದು ಸಾಲದಾ? ಹೋದ ವರ್ಷ ನನ್ನ ಬಾಯಲ್ಲಿ ನೀನು ಮಾತಾಡಿದೆ. ಈಗ ನನ್ನ ಕಾಲೂ ನೀನೇ ಆಗಬೇಕಾ?"

"ನಾನು ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು ನನಗೆ ಬಿಡು. ಬಾ ಇಲ್ಲಿ, ಕೆಳಗೆ ಕೂತು ನೋಡು ಚಕ್ರಾನ."

"ನೋಡೋದೇನಿದೆ ಅದರಲ್ಲಿ?"

"ಕೂತು ನೋಡು ಅಂದೆ."

ಅವನು ಕೂರಲಿಲ್ಲ. ಮುಖ ಆಚೆ ತಿರುಗಿಸಿದ. ಅದನ್ನು ಕಂಡಾಗ ಅಕ್ಕನಿಗೆ ಅಲ್ಲಿಯವರೆಗೂ ಹೊಳೆಯದಿದ್ದ ಒಂದು ಮಾತು ಹೊಳೆಯಿತು. ಹೊಳೆದದ್ದೇ ತಡ, ನಾಲಿಗೆಗೂ ಬಂತು.

"ಬೇಕಂತಲೇ ಮಾಡಿದೀಯ ಅಲ್ವಾ? ನಾನು ಹೋಗಬಾರದು ಅಂತ."

ತಮ್ಮನ ಕಿವಿ ಕೆಂಪಾಯಿತು. ಅಡುಗೆಮನೆಯ ಬಾಗಿಲನ್ನು ಸೊಂಟದಿಂದ ಎತ್ತಿ ತೆರೆದು, ಅವನ ಹೆಂಡತಿ ಕೈಯಲ್ಲೊಂದು ಹಳೇ ಬಟ್ಟೆ ಹಿಡಿದು ಹಿತ್ತಲಿಗೆ ಬಂದಳು. ಅಕ್ಕನ ಕೈಗೆ ಮಸಿ ಹತ್ತಿರುವುದನ್ನು ಅವಳು ಕಿಟಕಿಯಿಂದಲೇ ನೋಡಿದ್ದಳು.

"ಕೈ ಒರಸ್ಕೊಳ್ಳಿ ಅತ್ತಿಗೆ," ಎಂದು ಬಟ್ಟೆ ಕೊಟ್ಟಳು. ಆಮೇಲೆ ಗಂಡನ ಕಡೆ ನೋಡದೆ, "ಬೇಕಂತ ಮಾಡಿಲ್ಲ ಇವರು. ಇವರಿಗೆ ಮೊಣಕಾಲು ಊರೋಕಾಗಲ್ಲ. ಕೂತ್ರೆ ಏಳೋಕಾಗಲ್ಲ. ಅದಕ್ಕೇ ಸೈಕಲ್ಲನ್ನ ನೇತು ಹಾಕ್ಕೊಂಡು ನಿಂತೇ ಜೋಡಿಸಿದ್ರು," ಎಂದಳು.

"ನಿನ್ನ ಯಾರು ಕೇಳಿದ್ರು?" ಎಂದ ತಮ್ಮ.

"ಯಾರೂ ಕೇಳಲಿಲ್ಲ. ಯಾರಾದ್ರೂ ಹೇಳಬೇಕಲ್ಲ, ಹೇಳಿದೆ."

ಅಕ್ಕ ತಲೆಯೆತ್ತಿದಳು. ಶೆಡ್ಡಿನ ಅಡ್ಡ ತೊಲೆಯಿಂದ ಒಂದು ಹಗ್ಗ ಜೋತಾಡುತ್ತಿತ್ತು. ಬಟ್ಟೆ ಒಣಗಿಸಲು ಕಟ್ಟಿದ್ದೆಂದು ಅವಳು ಎರಡು ದಿನದಿಂದ ತಿಳಿದಿದ್ದಳು. ಅದರ ತುದಿಯಲ್ಲಿ ಹ್ಯಾಂಡಲ್ಲಿಗೆ ಗೀರು ಬೀಳದಿರಲೆಂದು ಸುತ್ತಿದ್ದ ಅವನ ಹಳೆಯ ಮಫ್ಲರು ಇನ್ನೂ ಹಾಗೇ ಇತ್ತು.

ಕೋಪ ಇಳಿಯಬೇಕಿತ್ತು. ಇಳಿಯಲಿಲ್ಲ, ಮಗ್ಗುಲು ಬದಲಿಸಿತು.

"ಮೊಣಕಾಲು ನೋವು ಅಂತ ಹೇಳೋಕೆ ಬಾಯಿಗೇನಾಗಿತ್ತು ನಿನಗೆ? ನನಗೆ ಸೈಕಲ್ ಬರಲ್ಲ ಅಂತ ಹೇಳೋಕೆ ಬಂತು, ನೆಲ ಡೊಂಕು ಅಂತ ಗಾದೆ ಹೇಳೋಕೆ ಬಂತು, ಇದೊಂದು ಬರಲಿಲ್ಲವಾ?"

"ಹೇಳಿದ್ರೆ ನೀನು ಏನ್ ಮಾಡ್ತಿದ್ದೆ?"

"ಅಂಗಡಿಯಲ್ಲಿ ಜೋಡಿಸಿಕೊಳ್ತಿದ್ದೆ."

"ಅದೇ," ಎಂದ ತಮ್ಮ ಸಣ್ಣಗೆ.

ಅಕ್ಕ ಅವನ ಮಾತನ್ನು ಅಲ್ಲೇ ಬಿಟ್ಟು ಚಕ್ರದ ಮುಂದೆ ಕೂತಳು. ಸೈಕಲ್ ಅಂಗಡಿಗೆ ಇವತ್ತು ರಜೆ; ನಾಳೆ ಅದು ಬಾಗಿಲು ತೆರೆಯುವ ಹೊತ್ತಿಗೆ ಮೊದಲ ಬ್ರೆಡ್ಡು ಬೆಂದು ಹೊರಗೆ ಬಂದಿರಬೇಕು. ಮುಂಭಾಗವನ್ನು ಎತ್ತಿ ಹಿಡಿದು ಚಕ್ರ ತಿರುಗಿಸಿದಳು. ರಿಮ್ಮು ಸೊಟ್ಟಗಾಗಿದ್ದರೆ ಸುತ್ತಿನಲ್ಲಿ ಒಂದು ಕಡೆ ಮಾತ್ರ ತಗುಲಿ ಬಿಡಬೇಕಿತ್ತು. ಇದು ಸುತ್ತಿಗೆ ಸುತ್ತೂ ಎಡಗಡೆಯ ರಬ್ಬರಿಗೇ ಉಜ್ಜುತ್ತಿತ್ತು. ಚಕ್ರವನ್ನು ಎರಡೂ ಬದಿಯಿಂದ ಹಿಡಿದ ಕಬ್ಬಿಣದ ಕಾಲುಗಳ ಸಂದಿಗೆ ಬೆರಳು ತೂರಿಸಿ ನೋಡಿದಳು. ಬಲಗಡೆ ಹೆಬ್ಬೆರಳು ಸಲೀಸಾಗಿ ಹೋಯಿತು. ಎಡಗಡೆ ಕಿರುಬೆರಳೂ ಹೋಗಲಿಲ್ಲ. ಚಕ್ರ ಸರಿಯಾಗಿಯೇ ಇತ್ತು. ಕೂತಿದ್ದ ಜಾಗ ಸರಿಯಿರಲಿಲ್ಲ.

ಬೇಕರಿಯಲ್ಲಿ ಟ್ರೇ ಸಾಗಿಸುವ ಗಾಡಿಗೆ ಚಕ್ರ ಹಾಕುವಾಗ ಒಂದು ರೂಢಿಯಿದೆ. ಖಾಲಿ ಗಾಡಿಯಲ್ಲಿ ನಟ್ಟನ್ನು ಬೆರಳಿನಿಂದಷ್ಟೇ ತಿರುಗಿಸಿಡುತ್ತಾರೆ. ಗಾಡಿಯನ್ನು ನೆಲಕ್ಕಿಟ್ಟು, ಹಿಟ್ಟಿನ ಮೂಟೆ ಹೇರಿದ ಮೇಲೆಯೇ ಪಾನಾ ಹಾಕಿ ಬಿಗಿಯುವುದು. ಭಾರ ಬಿದ್ದಾಗ ಚಕ್ರ ತನ್ನ ಜಾಗಕ್ಕೆ ತಾನೇ ಕೂರುತ್ತದೆ. ಹಾಗೆ ಮಾಡದೆ ಬಿಗಿದರೆ ಗಾಡಿ ದಿನವಿಡೀ ಕಿರುಚುತ್ತದೆ. ತಮ್ಮ ಸೈಕಲ್ಲನ್ನು ನೇತು ಹಾಕಿ ಬಿಗಿದಿದ್ದ. ಗಾಳಿಯಲ್ಲಿ ಜೋತ ಚಕ್ರ ಒಂದು ಬದಿಗೆ ಕೊಂಚ ಕೆಳಗಿಳಿದಿತ್ತು, ಇವನು ಅದನ್ನು ಹಾಗೇ ಕಚ್ಚಿಸಿಬಿಟ್ಟಿದ್ದ.

"ನೆಲ ಡೊಂಕಲ್ಲ," ಎಂದಳು ಅಕ್ಕ. "ನೆಲವೇ ಇರಲಿಲ್ಲ. ಪಾನಾ ಕೊಡು."

ತಮ್ಮನ ಹೆಂಡತಿ ಪಾನಾ ತಂದುಕೊಟ್ಟಳು. ಅಕ್ಕ ಚಕ್ರದ ಎರಡೂ ಬದಿಯ ನಟ್ಟು ಸಡಿಲಿಸಿ, ಸ್ಟ್ಯಾಂಡು ತೆಗೆದು, ಎರಡೂ ಚಕ್ರ ನೆಲಕ್ಕೆ ತಾಗುವಂತೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದಳು. ಈಗ ಒಬ್ಬರು ಹ್ಯಾಂಡಲ್ಲಿನ ಮೇಲೆ ಭಾರ ಬಿಟ್ಟು ಅದುಮಬೇಕು, ಇನ್ನೊಬ್ಬರು ಕೆಳಗೆ ಕೂತು ಬಿಗಿಯಬೇಕು.

"ನಾನು ಹಿಡೀಲಾ ಅತ್ತಿಗೆ?"

"ನೀನು ಗುಬ್ಬಚ್ಚಿ. ನಿನ್ನ ಭಾರ ಸಾಲಲ್ಲ. ಇವನು ಬರಲಿ. ಇಷ್ಟು ವರ್ಷ ನನ್ನ ಬೇಕರಿಯ ಬನ್ನು ತಿಂದು ಬೆಳೆಸಿದ್ದಾನಲ್ಲ ಹೊಟ್ಟೆ, ಇವತ್ತಾದ್ರೂ ಉಪಯೋಗಕ್ಕೆ ಬರಲಿ."

ತಮ್ಮ ಸ್ಟೂಲಿನಿಂದ ಇಳಿದ. ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಕ್ಕ ನೋಡಿದಳು, ನೋಡದವಳ ಹಾಗೆ ನಟ್ಟು ಒರೆಸಿದಳು.

"ಅದುಮು."

"ಅದುಮಿದೀನಿ."

"ಇದು ಅದುಮೋದಾ? ಮೈ ಬಿಡು. ನಿನಗೆ ಚೆನ್ನಾಗಿ ಬರುತ್ತಲ್ಲ, ಇನ್ನೊಬ್ಬರ ಮೇಲೆ ಭಾರ ಬಿಡೋದು."

"ಕೆಲಸ ಮಾಡ್ತೀಯೋ, ಬೈತೀಯೋ?"

"ಎರಡೂ ಮಾಡ್ತೀನಿ. ನನಗೆ ಎರಡು ಕೈ ಇದೆ, ಒಂದು ಬಾಯಿ ಇದೆ."

ತಮ್ಮ ಹಲ್ಲು ಕಚ್ಚಿ ಮೈಯ ಭಾರವನ್ನೆಲ್ಲ ಹ್ಯಾಂಡಲ್ಲಿನ ಮೇಲೆ ಬಿಟ್ಟ. ಕೆಳಗೆಲ್ಲೋ ಟಕ್ಕೆಂದಿತು. ಅಕ್ಕ ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು, ಮತ್ತೆ ಎಡಕ್ಕೆ ಎಂದು ಬದಲಿಸುತ್ತ ಬಿಗಿದಳು. ಒಂದೇ ಕಡೆ ಪೂರ್ತಿ ಬಿಗಿದರೆ ಚಕ್ರ ಮತ್ತೆ ಆ ಕಡೆಗೇ ವಾಲುತ್ತದೆ. ಅವಳ ತಲೆಯ ಮೇಲೆ ಅವನ ಏದುಸಿರು ಕೇಳುತ್ತಿತ್ತು. ಚಿಕ್ಕವನಿದ್ದಾಗ ಅವಳ ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂತು ಶಾಲೆಗೆ ಬರುತ್ತಿದ್ದವನು ಇವನೇ. ಏರು ಬಂದರೆ ಹೇಳಿಸಿಕೊಳ್ಳದೆ ಇಳಿದು, ಹೀಗೇ ಏದುಸಿರು ಬಿಡುತ್ತ ಹಿಂದಿನಿಂದ ತಳ್ಳುತ್ತಿದ್ದ. ಇಂಥ ಹೊತ್ತಿನಲ್ಲಿ ಅದು ನೆನಪಾಯಿತಲ್ಲ ಎಂದು ಅಕ್ಕನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂಭಾಗ ಎತ್ತಿ ಚಕ್ರ ತಿರುಗಿಸಿದರು. ತಿರುಗಿತು, ತಿರುಗುತ್ತಲೇ ಇತ್ತು. ಮೂವರೂ ಕಿವಿಗೊಟ್ಟರು. ಗಾಲಿಯ ಕಡ್ಡಿಗಳು ಗಾಳಿಯನ್ನು ಸೀಳುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಅಕ್ಕ," ಎಂದ ತಮ್ಮ, ಚಕ್ರವನ್ನೇ ನೋಡುತ್ತ. "ಹೋದ ವರ್ಷ ನಿಮ್ಮ ಮಾಲೀಕರ ಹತ್ರ ನಾನು ಹಾಗೆ ಹೇಳಿದ್ದು..."

"ಅದು ಈಗ ಬೇಡ," ಎಂದಳು ಅಕ್ಕ. "ಅದಿನ್ನೂ ಆರಿಲ್ಲ. ಆರಿದಾಗ ನಾನೇ ಎತ್ತುತ್ತೀನಿ. ನಿನ್ನ ಮೊಣಕಾಲು ಮಾತ್ರ ಈ ವಾರವೇ ಡಾಕ್ಟರಿಗೆ ತೋರಿಸು. ತೋರಿಸಲಿಲ್ಲವೋ, ನಿನ್ನನ್ನೇ ಆ ಹಗ್ಗಕ್ಕೆ ನೇತು ಹಾಕಿ ಬಿಗೀತೀನಿ."

ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟು ಒಳಗೆ ಹೋದಳು.

ಮರುದಿನ ಆಕಾಶ ಆಗಷ್ಟೇ ಬೆಳ್ಳಗಾಗುತ್ತಿತ್ತು. ರಾತ್ರಿಯಿಡೀ ಹಿತ್ತಲಲ್ಲಿ ನಿಂತಿದ್ದ ಸೈಕಲ್ಲನ್ನು ಅಕ್ಕ ಹೊರಗೆ ತಂದಾಗ ಸೀಟಿನ ಪ್ಲಾಸ್ಟಿಕ್ ಹಾಳೆ ಮಾಯವಾಗಿತ್ತು, ಸೀಟಿನ ಮೇಲೆ ಬಿದ್ದಿರಬೇಕಾದ ಇಬ್ಬನಿಯೂ ಇರಲಿಲ್ಲ. ಯಾರೋ ಒರೆಸಿದ್ದರು. ಗೇಟು ಆಗಲೇ ತೆರೆದಿತ್ತು. ಅದರ ಪಕ್ಕದಲ್ಲಿ, ದಿನಾ ಅವಳು ಚೀಲ ಹಿಡಿದು ಕಾಯುತ್ತಿದ್ದ ಜಾಗದಲ್ಲೇ, ತಮ್ಮ ಮಫ್ಲರು ಸುತ್ತಿಕೊಂಡು ನಿಂತಿದ್ದ. ಕಾಫಿ ಆದಂತಿರಲಿಲ್ಲ. ಪೇಪರಂತೂ ಇನ್ನೂ ಬಂದೇ ಇರಲಿಲ್ಲ.

ಅಕ್ಕ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದಳು. ಸೀಟೇರಿ ಪೆಡಲು ತುಳಿದಳು. ಸೈಕಲ್ಲು ಎಣ್ಣೆಯ ಮೇಲೆ ಜಾರಿದಂತೆ ಮುಂದೆ ಹೋಯಿತು.

"ಏನಾದ್ರೂ ಸದ್ದು ಬರ್ತಿದ್ಯಾ ಅಕ್ಕ?" ಎಂದು ಅವನು ಹಿಂದಿನಿಂದ ಕೂಗಿದ.

"ಬರ್ತಿದೆ," ಎಂದು ಅವಳು ತಿರುಗಿ ನೋಡದೆ ಕೂಗಿದಳು, "ನಿಂದೇ!"

ಸೇತುವೆಯ ಏರಿನಲ್ಲಿ ಅವಳು ಇಳಿಯಲಿಲ್ಲ.